ಪುಕ್ಕಟೆ ಜಮೀನು ಸಿಕ್ಕ ಅಮೆರಿಕದ ರೈತರು 30 ವರ್ಷದಲ್ಲೇ ತಿರುಗಿಬಿದ್ದದ್ದು ಯಾಕೆ?

ಓದುಬಾಕ:

ಎಲ್ಲರಿಗೂ ನಮಸ್ಕಾರ. ಅಮೆರಿಕದ 19ನೇ ಶತಮಾನದ ಇತಿಹಾಸ ಓದುತ್ತಿದ್ದೇನೆ. ಪಶ್ಚಿಮಕ್ಕೆ ಹರಡಿದ್ದು ಒಂದು ಅಧ್ಯಾಯ, ಕೈಗಾರಿಕೆ ಬೆಳೆದದ್ದು ಇನ್ನೊಂದು, ಸಮಾಜ ಸುಧಾರಣೆ ಮತ್ತೊಂದು. ಒಂದೊಂದೇ ಓದಿದರೆ ಸಲೀಸಾಗಿ ಅರ್ಥವಾಗುತ್ತದೆ, ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ತಾಳೆಯಾಗುವುದಿಲ್ಲ.

ಮುಖ್ಯವಾಗಿ ಇದು ಕಾಡುತ್ತಿದೆ. 1862ರ ಮೇ 20ರಂದು ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. 160 ಎಕರೆ ಸರ್ಕಾರಿ ಜಮೀನು, ಕೊಡಬೇಕಾದದ್ದು ಅರ್ಜಿಯ ಸಣ್ಣ ಶುಲ್ಕ, ಐದು ವರ್ಷ ಅಲ್ಲೇ ಮನೆ ಮಾಡಿಕೊಂಡು ಉಳುಮೆ ಮಾಡಬೇಕು. ಒಂಟಿ ಹೆಂಗಸರೂ ಅರ್ಜಿ ಹಾಕಬಹುದಿತ್ತು. ಯುರೋಪಿನಿಂದ ಆಗತಾನೆ ಬಂದಿಳಿದವರು ಮುಂದೆ ಇಲ್ಲಿನ ನಾಗರಿಕರಾಗುತ್ತೇವೆ ಎಂದು ಬರೆದುಕೊಟ್ಟರೆ ಅವರಿಗೂ ಸಿಗುತ್ತಿತ್ತು. ಕಾಯ್ದೆ ಜಾರಿಗೆ ಬಂದ ಮೊದಲ ದಿನವೇ, ಅಂದರೆ 1863ರ ಜನವರಿ 1ರಂದು, ನೆಬ್ರಾಸ್ಕಾದಲ್ಲಿ ಡೇನಿಯಲ್ ಫ್ರೀಮನ್ ಎಂಬಾತ ಅರ್ಜಿ ಹಾಕಿದ್ದ.

ಅದೇ ನೆಬ್ರಾಸ್ಕಾದ ಒಮಾಹಾ ಊರಲ್ಲಿ 1892ರ ಜುಲೈನಲ್ಲಿ ರೈತರು ಸೇರಿ ಪೀಪಲ್ಸ್ ಪಾರ್ಟಿಯ ಮೊದಲ ರಾಷ್ಟ್ರೀಯ ಸಮಾವೇಶ ನಡೆಸುತ್ತಾರೆ. ರೈಲ್ವೆಯನ್ನು ಸರ್ಕಾರವೇ ವಹಿಸಿಕೊಳ್ಳಲಿ, ಜಾಸ್ತಿ ಆದಾಯ ಇದ್ದವರು ಜಾಸ್ತಿ ತೆರಿಗೆ ಕಟ್ಟಲಿ ಎನ್ನುತ್ತಾರೆ. ಆ ಪಕ್ಷಕ್ಕೆ ಬಲ ಸಿಕ್ಕಿದ್ದು ಕನ್ಸಾಸ್, ನೆಬ್ರಾಸ್ಕಾ, ಡಕೋಟಾ ಕಡೆ. ಪುಕ್ಕಟೆ ಜಮೀನು ಹಂಚಿದ್ದೂ ಅಲ್ಲೇ ಅಲ್ವಾ? ಜಮೀನು ಕೊಟ್ಟ ಸರ್ಕಾರದ ಮೇಲೆ, ಜಮೀನು ಪಡೆದವರಿಗೆ ಅಷ್ಟು ಸಿಟ್ಟು ಯಾಕೆ ಬಂತು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಹಳೇನಕ್ಷೆ:

ಜಮೀನು ಪುಕ್ಕಟೆ ಸಿಕ್ಕಿತು, ನಿಜ. ಆದರೆ ಅದರಲ್ಲಿ ಬೆಳೆದದ್ದನ್ನು ಮಾರಲು ಏನೇನು ಬೇಕೋ ಅದೆಲ್ಲ ಬೇರೆಯವರ ಕೈಯಲ್ಲಿತ್ತು. ಸಿಟ್ಟಿನ ಬೇರು ಅಲ್ಲಿದೆ.

ಮೊದಲು ಕಾಯ್ದೆ 1862ರಲ್ಲೇ ಯಾಕೆ ಬಂತು ನೋಡಿ. ಜಮೀನು ಹಂಚುವ ಬೇಡಿಕೆ ಹಳೆಯದು. ದಕ್ಷಿಣದ ರಾಜ್ಯಗಳ ದೊಡ್ಡ ಹತ್ತಿ ಜಮೀನ್ದಾರರು ಅದನ್ನು ತಡೆಯುತ್ತಲೇ ಇದ್ದರು. ಸಣ್ಣ ರೈತರು ಪಶ್ಚಿಮಕ್ಕೆ ಹೋಗಿ ತುಂಬಿಕೊಂಡರೆ ಅಲ್ಲಿ ಹುಟ್ಟುವ ಹೊಸ ರಾಜ್ಯಗಳಲ್ಲಿ ಗುಲಾಮಗಿರಿಗೆ ಜಾಗ ಇರುವುದಿಲ್ಲ, ಸೆನೆಟ್‌ನಲ್ಲಿ ತಮ್ಮ ಬಲ ಕುಸಿಯುತ್ತದೆ ಅನ್ನುವ ಭಯ. 1860ರಲ್ಲಿ ಮಸೂದೆ ಪಾಸಾದರೂ ಅಧ್ಯಕ್ಷ ಬ್ಯುಕ್ಯಾನನ್ ಅದನ್ನು ತಿರಸ್ಕರಿಸಿದರು. ಆಮೇಲೆ ಒಕ್ಕೂಟ ಒಡೆಯಿತು, ದಕ್ಷಿಣದ ಸದಸ್ಯರು ಕಾಂಗ್ರೆಸ್ (ಅಲ್ಲಿನ ಸಂಸತ್ತು) ಬಿಟ್ಟು ಹೊರಟುಹೋದರು, ತಡೆಯುವವರು ಯಾರೂ ಉಳಿಯಲಿಲ್ಲ. ಮೇ 20ಕ್ಕೆ ಹೋಮ್‌ಸ್ಟೆಡ್ ಕಾಯ್ದೆ, ಜುಲೈ 1ಕ್ಕೆ ಪೆಸಿಫಿಕ್ ರೈಲ್ವೆ ಕಾಯ್ದೆ, ಜುಲೈ 2ಕ್ಕೆ ಕೃಷಿ ಮತ್ತು ತಾಂತ್ರಿಕ ಕಾಲೇಜುಗಳಿಗೆ ಜಮೀನು ಕೊಡುವ ಮೊರಿಲ್ ಕಾಯ್ದೆ. ಜಮೀನು, ರೈಲು, ಕಾಲೇಜು ಮೂರೂ ಸುಮಾರು ಆರೇ ವಾರದಲ್ಲಿ ಒಂದೇ ಕಾಂಗ್ರೆಸ್‌ನಿಂದ ಬಂದವು. ನೀವು ಹೇಳಿದ ಅಧ್ಯಾಯಗಳು ಅಲ್ಲೇ ಒಂದಕ್ಕೊಂದು ಹೆಣೆದುಕೊಂಡಿವೆ.

ಈಗ ರೈಲಿಗೆ ಏನು ಸಿಕ್ಕಿತು ಅಂತ ನೋಡಿ. ಯೂನಿಯನ್ ಪೆಸಿಫಿಕ್ ಒಮಾಹಾದಿಂದ ಪಶ್ಚಿಮಕ್ಕೆ, ಸೆಂಟ್ರಲ್ ಪೆಸಿಫಿಕ್ ಸ್ಯಾಕ್ರಮೆಂಟೊದಿಂದ ಪೂರ್ವಕ್ಕೆ ಹಳಿ ಹಾಕಬೇಕು. ಸಮತಟ್ಟು ನೆಲವಾದರೆ ಮೈಲಿಗೆ 16,000 ಡಾಲರ್, ಬೆಟ್ಟದಲ್ಲಾದರೆ 48,000 ಡಾಲರ್ ಸರ್ಕಾರಿ ಬಾಂಡ್ ಸಾಲ. ಅದರ ಮೇಲೆ ಜಮೀನು. 1864ರಲ್ಲಿ ಅದನ್ನು ದುಪ್ಪಟ್ಟು ಮಾಡಿದ ಮೇಲೆ ಹಾಕಿದ ಒಂದೊಂದು ಮೈಲಿ ಹಳಿಗೂ 12,800 ಎಕರೆ. ಚದುರಂಗದ ಮಣೆಯ ಹಾಗೆ ಒಂದು ಚೌಕ ಕಂಪನಿಗೆ, ಪಕ್ಕದ್ದು ಸರ್ಕಾರಕ್ಕೆ. ನಾರ್ದರ್ನ್ ಪೆಸಿಫಿಕ್ ಒಂದಕ್ಕೇ ಸುಮಾರು 4 ಕೋಟಿ ಎಕರೆ ಹೋಯಿತು. ಇದರಿಂದ ಏನಾಯಿತು ಅಂದರೆ, ಹಳಿಯ ಹತ್ತಿರದ ಜಮೀನಿನಲ್ಲಿ ಅರ್ಧ ಪುಕ್ಕಟೆ ಸಿಗುತ್ತಲೇ ಇರಲಿಲ್ಲ, ಕಂಪನಿಗೆ ದುಡ್ಡು ಕೊಟ್ಟು ಕೊಳ್ಳಬೇಕು. ಉಳಿದ ಸರ್ಕಾರಿ ಚೌಕಗಳಲ್ಲೂ 1879ರವರೆಗೆ ಸಾಮಾನ್ಯ ಅರ್ಜಿದಾರನಿಗೆ 160ರ ಬದಲು 80 ಎಕರೆಯೇ ಮಿತಿ. ಪೂರ್ತಿ 160 ಬೇಕು ಅಂದರೆ ಹಳಿಯಿಂದ ದೂರ ಹೋಗಬೇಕು, ದೂರ ಹೋದರೆ ಗೋಧಿಯನ್ನು ಗಾಡಿಯಲ್ಲಿ ಸ್ಟೇಷನ್‌ಗೆ ಸಾಗಿಸುವಷ್ಟರಲ್ಲಿ ಲಾಭ ಕರಗಿಹೋಗುತ್ತಿತ್ತು.

ಇನ್ನು ಮಳೆ. ಭೂಪಟದಲ್ಲಿ 100ನೇ ಪಶ್ಚಿಮ ರೇಖಾಂಶ ಹುಡುಕಿ, ಡಕೋಟಾ, ನೆಬ್ರಾಸ್ಕಾ, ಕನ್ಸಾಸ್‌ಗಳ ನಡುವೆ ಹಾದುಹೋಗುತ್ತದೆ. ಅದರ ಪಶ್ಚಿಮಕ್ಕೆ ಮಳೆಯನ್ನೇ ನಂಬಿದ ಬೇಸಾಯ ಕಷ್ಟ. 160 ಎಕರೆ ಅನ್ನುವುದು ಓಹಾಯೋ, ಇಲಿನಾಯ್‌ನಂಥ ಹಸಿ ನೆಲಕ್ಕೆ ಹೊಂದುವ ಲೆಕ್ಕ. ಪಶ್ಚಿಮದ ನೆಲವನ್ನು ಸರ್ವೆ ಮಾಡಿದ ವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ವರದಿಯಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಒಣನಾಡಿನಲ್ಲಿ ನೀರಾವರಿ ಇದ್ದರೆ 80 ಎಕರೆ ಸಾಕು, ಬರೀ ದನ ಮೇಯಿಸುವುದಾದರೆ 2,560 ಎಕರೆ ಬೇಕು ಅಂತ. ಕಾಂಗ್ರೆಸ್ ಕಿವಿಗೆ ಹಾಕಿಕೊಳ್ಳಲಿಲ್ಲ. ರೈಲ್ವೆ ಕಂಪನಿಗಳಂತೂ ಯುರೋಪಿನಲ್ಲಿ ಏಜೆಂಟರನ್ನು ಇಟ್ಟುಕೊಂಡು ಬನ್ನಿ ಬನ್ನಿ ಎಂದು ಕರೆಯುತ್ತಿದ್ದವು. ಆ ಕರೆಯಿಂದ ಒಳ್ಳೆಯದೂ ಆಯಿತು. 1874ರ ಹೊತ್ತಿಗೆ ರಷ್ಯಾದಿಂದ ಕನ್ಸಾಸ್‌ಗೆ ಬಂದ ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರು ಚಳಿಗಾಲ ತಡೆಯುವ ಟರ್ಕಿ ರೆಡ್ ಗೋಧಿಯ ಬೀಜ ತಂದರು, ಆ ನೆಲಕ್ಕೆ ಅದು ಹೇಳಿ ಮಾಡಿಸಿದ ಹಾಗಿತ್ತು. ಆದರೆ ಅದೇ ವರ್ಷ ಮಿಡತೆ ಹಿಂಡು ಬಂದು ಕನ್ಸಾಸ್, ನೆಬ್ರಾಸ್ಕಾಗಳಲ್ಲಿ ನಿಂತ ಬೆಳೆಯನ್ನು ತಿಂದು ಹಾಕಿತು. 1887ರಿಂದ ಬರ.

ಇದೆಲ್ಲದರ ಮೇಲೆ ಸಾಲ. ಗಟ್ಟಿ ಹುಲ್ಲುಗಾವಲನ್ನು ಸೀಳಲು ಉಕ್ಕಿನ ನೇಗಿಲು, ಕೊಯ್ಲಿಗೆ ಮೆಕಾರ್ಮಿಕ್ ಯಂತ್ರ, ಬೇಲಿಗೆ ಮುಳ್ಳುತಂತಿ (1874ರಲ್ಲಿ ಗ್ಲಿಡನ್ ಪೇಟೆಂಟ್ ಪಡೆದದ್ದು), ಬಾವಿಗೆ ಗಾಳಿಯಂತ್ರ. ಎಲ್ಲ ಪೂರ್ವದ ಕಡೆಯ ಕಾರ್ಖಾನೆಯ ಮಾಲು, ಎಲ್ಲದಕ್ಕೂ ಜಮೀನು ಅಡಮಾನ. ಯಂತ್ರ ಬಂದದ್ದರಿಂದ ಬೆಳೆ ಜಾಸ್ತಿಯಾಯಿತು, ಬೆಳೆ ಜಾಸ್ತಿಯಾದ ಹಾಗೆ ಬೆಲೆ ಇಳಿಯಿತು. 1870ರ ಸುಮಾರಿಗೆ ಬುಶೆಲ್ ಎಂಬ ಧಾನ್ಯದ ಅಳತೆಯ ಲೆಕ್ಕದಲ್ಲಿ, ಒಂದು ಬುಶೆಲ್‌ಗೆ ಒಂದು ಡಾಲರ್ ಆಸುಪಾಸು ಇದ್ದ ಗೋಧಿ 1894ರಲ್ಲಿ 50 ಸೆಂಟ್‌ಗೂ ಕೆಳಗೆ ಬಂತು. ಸಾಲದ ಅಂಕಿ ಮಾತ್ರ ಇಳಿಯುವುದಿಲ್ಲವಲ್ಲ. ಒಂದು ಬುಶೆಲ್ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಎರಡು ಬುಶೆಲ್ ಮಾರಬೇಕಾಯಿತು. ಬೆಳ್ಳಿ ನಾಣ್ಯ ಜಾಸ್ತಿ ಹೊಡೆಯಿರಿ, ಹಣದ ಹರಿವು ಹೆಚ್ಚಲಿ ಅಂತ ರೈತರು ಕೂಗಿದ್ದು ಈ ಕಾರಣಕ್ಕೆ. ಪಠ್ಯದಲ್ಲಿ ಓದುವಾಗ ಬೆಳ್ಳಿಯ ಜಗಳ ಸುಮ್ನೆ ಹುಚ್ಚಾಟದ ಹಾಗೆ ಕಾಣುತ್ತದೆ, ಸಾಲಗಾರನ ಜಾಗದಲ್ಲಿ ನಿಂತು ನೋಡಿದರೆ ಹಾಗೆ ಕಾಣುವುದಿಲ್ಲ.

ಗೋಧಿತೆನೆ:

ಒಂದು ಮಾತು ಸೇರಿಸಬೇಕು. ಎಲ್ಲ ತಪ್ಪನ್ನೂ ರೈಲ್ವೆ ದರದ ಮೇಲೆ ಹಾಕುವುದು ಸರಿಯಲ್ಲ. ಒಟ್ಟಾರೆ ಸಾಗಣೆ ದರ ಆ ದಶಕಗಳಲ್ಲಿ ಇಳಿಯುತ್ತಲೇ ಬಂತು. ಸಿಟ್ಟು ಬಂದದ್ದು ದರದ ತಾರತಮ್ಯಕ್ಕೆ. ಶಿಕಾಗೊದಿಂದ ನ್ಯೂಯಾರ್ಕ್‌ಗೆ ನಾಲ್ಕಾರು ಕಂಪನಿಗಳು ಪೈಪೋಟಿ ನಡೆಸುತ್ತಿದ್ದವು, ಅಲ್ಲಿ ದರ ಕಮ್ಮಿ. ಒಂದೇ ಕಂಪನಿಯ ಹಳಿ ಇರುವ ಸಣ್ಣ ಊರಿನಿಂದ ಹತ್ತಿರದ ಪೇಟೆಗೆ ಕಳಿಸುವುದಕ್ಕೆ ಕೆಲವು ಸಲ ಆ ದೂರದ ಪ್ರಯಾಣಕ್ಕಿಂತ ಜಾಸ್ತಿ ಕೇಳುತ್ತಿದ್ದರು. ದೊಡ್ಡ ಗಿರಾಕಿಗಳಿಗೆ ಗುಟ್ಟಾಗಿ ದುಡ್ಡು ವಾಪಸ್ ಕೊಡುತ್ತಿದ್ದರು, ರಾಕ್‌ಫೆಲ್ಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಬೆಳೆದದ್ದರಲ್ಲಿ ಇದರ ಪಾಲೂ ಇದೆ. ಧಾನ್ಯ ತುಂಬಿಡುವ ಎತ್ತರದ ಗೋದಾಮುಗಳದ್ದೂ ಇದೇ ಕಥೆ. ಊರಿಗೆ ಒಂದೇ ಗೋದಾಮು, ಅವರು ಹೇಳಿದ್ದೇ ತೂಕ, ಅವರು ಹೇಳಿದ್ದೇ ದರ್ಜೆ.

ರೈತರು ಇದನ್ನು ಸುಮ್ಮನೆ ಸಹಿಸಿಕೊಳ್ಳಲಿಲ್ಲ. 1867ರಲ್ಲಿ ಶುರುವಾದ ಗ್ರೇಂಜ್ ಸಂಘ ಮೊದಲು ರೈತ ಕುಟುಂಬಗಳು ಸೇರಿ ಓದು, ಹಾಡು, ಮಾತುಕತೆ ನಡೆಸುವ ಜಾಗ. ಕೆಲವೇ ವರ್ಷಗಳಲ್ಲಿ ಇಲಿನಾಯ್, ಅಯೋವಾ, ಮಿನೆಸೋಟ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ದರ ನಿಯಂತ್ರಣ ಕಾಯ್ದೆ ತರಿಸುವಷ್ಟು ಬೆಳೆಯಿತು. 1877ರಲ್ಲಿ ಮನ್ ವಿರುದ್ಧ ಇಲಿನಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೈತರ ಕಡೆ ನಿಂತಿತು. ಜನರ ಹಿತಕ್ಕೆ ತಗಲುವ ಖಾಸಗಿ ವ್ಯಾಪಾರದ ದರವನ್ನು ರಾಜ್ಯ ನಿಗದಿ ಮಾಡಬಹುದು ಎಂದಿತು. 1886ರ ವಾಬಾಶ್ ತೀರ್ಪಿನಲ್ಲಿ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ರೈಲಿನ ಮೇಲೆ ರಾಜ್ಯಗಳಿಗೆ ಆ ಅಧಿಕಾರ ಇಲ್ಲ ಎಂದಿತು. ಹಾಗಾಗಿ ಕೇಂದ್ರವೇ ಇಳಿಯಬೇಕಾಯಿತು, 1887ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಹುಟ್ಟಿತು. ಒಂದು ಇಡೀ ಉದ್ಯಮಕ್ಕೆ ಕೇಂದ್ರ ಸರ್ಕಾರ ನಿಯಂತ್ರಣ ಆಯೋಗ ಮಾಡಿದ್ದು ಅದೇ ಮೊದಲು. ಶುರುವಿನಲ್ಲಿ ಅದಕ್ಕೆ ಹಲ್ಲಿರಲಿಲ್ಲ, ಆ ಮಾತು ಬೇರೆ.

ಬಯಲುಗಾಳಿ:

ಮೇಲಿನ ಎರಡೂ ಉತ್ತರ ಓದಿದೆ, ವಿಷಯ ಚೆನ್ನಾಗಿದೆ. ಆದರೆ ಪುಕ್ಕಟೆ ಪುಕ್ಕಟೆ ಅಂತ ಇಷ್ಟು ಸಲ ಬಂದಿದೆ, ಆ ಜಮೀನು ಯಾರದ್ದಾಗಿತ್ತು ಅಂತ ಒಬ್ಬರೂ ಬರೆಯಲಿಲ್ಲ. ಇದನ್ನು ಬಿಟ್ಟರೆ ಸುಧಾರಣೆಯ ಅಧ್ಯಾಯವೂ ಅರ್ಧವೇ ಅರ್ಥವಾಗುತ್ತದೆ.

ಲಕೋಟಾ, ಷಾಯೆನ್, ಪಾನಿ, ಕಯೋವಾ, ಇವರೆಲ್ಲ ಆ ಬಯಲಿನಲ್ಲಿ ಬದುಕುತ್ತಿದ್ದ ಮೂಲನಿವಾಸಿ ಬುಡಕಟ್ಟಿನವರು. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ಲಕೋಟಾ ಜನರದ್ದೇ ಅಂತ ಸರ್ಕಾರ ಬರೆದುಕೊಟ್ಟಿತು. 1874ರಲ್ಲಿ ಸೇನಾಧಿಕಾರಿ ಕಸ್ಟರ್‌ನ ದಂಡು ಅಲ್ಲಿ ಚಿನ್ನ ಕಂಡಿತು, 1877ರಲ್ಲಿ ಸರ್ಕಾರ ಬೆಟ್ಟಗಳನ್ನು ಕಿತ್ತುಕೊಂಡಿತು. ನೂರು ವರ್ಷ ಕಳೆದ ಮೇಲೆ, 1980ರಲ್ಲಿ, ಅದು ಅನ್ಯಾಯ ಅಂತ ಸುಪ್ರೀಂ ಕೋರ್ಟೇ ಒಪ್ಪಿ 10 ಕೋಟಿ ಡಾಲರ್‌ಗೂ ಮೀರಿದ ಪರಿಹಾರವನ್ನು ಎತ್ತಿಹಿಡಿಯಿತು. ಲಕೋಟಾ ಜನ ಆ ದುಡ್ಡು ಮುಟ್ಟಲಿಲ್ಲ, ನಮಗೆ ಬೆಟ್ಟ ಬೇಕು ಎಂದರು.

ರೈಲು ಬಂದದ್ದು ಕಾಡೆಮ್ಮೆಗಳ ಪಾಲಿಗೂ ಮೃತ್ಯುವಾಯಿತು. ಕೋಟಿಗಟ್ಟಲೆ ಇದ್ದವು, 1880ರ ದಶಕದ ಕೊನೆಗೆ ಕಾಡಿನಲ್ಲಿ ಸಾವಿರವೂ ಉಳಿಯಲಿಲ್ಲ. ಚರ್ಮವೆಲ್ಲ ರೈಲಿನಲ್ಲಿ ಪೂರ್ವಕ್ಕೆ ಹೋಯಿತು, ಕಾರ್ಖಾನೆಗಳ ಯಂತ್ರಕ್ಕೆ ಪಟ್ಟಿ ಮಾಡಲು ಕೂಡ ಬಳಕೆಯಾಯಿತು. ಊಟ, ಬಟ್ಟೆ, ಗುಡಾರ ಎಲ್ಲಕ್ಕೂ ಆ ಪ್ರಾಣಿಯನ್ನೇ ನಂಬಿದ್ದ ಜನ ಮೀಸಲು ಪ್ರದೇಶದಲ್ಲಿ ಪಡಿತರಕ್ಕೆ ಕೈಚಾಚುವಂತಾಯಿತು.

ನನಗೆ ತುಂಬ ನೋವು ತರುವ ಭಾಗ 1887ರ ಡಾಸ್ ಕಾಯ್ದೆ. ಅದನ್ನು ಬೆಂಬಲಿಸಿದವರಲ್ಲಿ ಮೂಲನಿವಾಸಿಗಳ ಗೆಳೆಯರು ಅಂತ ತಮ್ಮನ್ನು ಕರೆದುಕೊಂಡ ಸುಧಾರಕರೇ ಜಾಸ್ತಿ. ಇವರು ಕೆಟ್ಟವರಲ್ಲ, ಒಪ್ಪಂದ ಮುರಿದದ್ದನ್ನು, ಪಡಿತರದಲ್ಲಿ ನಡೆಯುತ್ತಿದ್ದ ಕಳ್ಳತನವನ್ನು ಜೋರಾಗಿ ಖಂಡಿಸಿದವರು. ಆದರೆ ಇವರ ಪ್ರಕಾರ ಪರಿಹಾರ ಒಂದೇ: ಬುಡಕಟ್ಟಿನ ಸಾಮೂಹಿಕ ಜಮೀನನ್ನು ತುಂಡು ಮಾಡಿ ಮನೆಯ ಯಜಮಾನನಿಗೆ 160 ಎಕರೆ ಕೊಡುವುದು. ಹೋಮ್‌ಸ್ಟೆಡ್‌ನ ಅದೇ 160, ಗಮನಿಸಿ. ಹಂಚಿ ಮಿಕ್ಕಿದ್ದು ಹೆಚ್ಚುವರಿ ಅಂತ ಲೆಕ್ಕ ಹಾಕಿ ಹೊರಗಿನವರಿಗೆ ತೆರೆದರು. 1887ರಲ್ಲಿ ಮೂಲನಿವಾಸಿಗಳ ಕೈಯಲ್ಲಿ 13.8 ಕೋಟಿ ಎಕರೆ ಇತ್ತು. ಆ ನೀತಿ ನಿಂತ 1934ರಲ್ಲಿ ಉಳಿದದ್ದು 4.8 ಕೋಟಿ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ತೆರೆದ ವಸತಿ ಶಾಲೆಗೆ ಮಕ್ಕಳನ್ನು ಸಾವಿರಾರು ಮೈಲಿ ದೂರ ಕರೆದೊಯ್ದು ಕೂದಲು ಕತ್ತರಿಸಿದರು, ತಾಯ್ನುಡಿ ಆಡಿದರೆ ಶಿಕ್ಷಿಸಿದರು. ಅದನ್ನೂ ಆಗ ಸುಧಾರಣೆ ಅಂತಲೇ ಕರೆದರು. ಪುಸ್ತಕದಲ್ಲಿ ಯಾವುದನ್ನಾದರೂ ಸುಧಾರಣೆ ಅಂತ ಬರೆದಿದ್ದರೆ, ಅದು ಯಾರಿಗಾಗಿ ಆಯಿತೋ ಆ ಜನ ಅದನ್ನು ಕೇಳಿದ್ದರೇ ಅಂತ ಒಮ್ಮೆ ನೋಡಿ.

ಓದುಬಾಕ:

ಬಯಲುಗಾಳಿ ಅವರೇ, ಆ 160ರ ವಿಷಯ ಇಷ್ಟು ಹೊತ್ತು ಮನಸ್ಸಿನಲ್ಲೇ ಕೂತಿದೆ. ಮೂವರಿಗೂ ಧನ್ಯವಾದ.

ಇನ್ನೊಂದು ಕೇಳುತ್ತೇನೆ. ಪೂರ್ವದ ನಗರಗಳಲ್ಲಿ ಕೂಲಿಗಳು ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿಯುತ್ತಿದ್ದರು. ಅವರು ಯಾಕೆ ಎಲ್ಲ ಬಿಟ್ಟು ಪಶ್ಚಿಮಕ್ಕೆ ಹೋಗಲಿಲ್ಲ? ರೈತರಿಗೂ ಕೂಲಿಗಳಿಗೂ ಎದುರಾಳಿ ಒಬ್ಬರೇ ಆಗಿದ್ದರೆ ಇಬ್ಬರೂ ಯಾಕೆ ಕೈ ಜೋಡಿಸಲಿಲ್ಲ?

ಹೊಗೆಕೊಳವೆ:

ಮೊದಲನೆಯದಕ್ಕೆ ಉತ್ತರ ಸುಲಭ. ದಿನಕ್ಕೆ ಒಂದು, ಒಂದೂವರೆ ಡಾಲರ್ ದುಡಿಯುವವನು ಸಂಸಾರ ಸಾಕಿ ಎಷ್ಟು ಉಳಿಸುತ್ತಾನೆ? ರೈಲು ಟಿಕೆಟ್, ಎತ್ತು ಅಥವಾ ಕುದುರೆ, ನೇಗಿಲು, ಬೀಜ, ಮೊದಲ ಬೆಳೆ ಬರುವವರೆಗೆ ಊಟ, ಎಲ್ಲ ಸೇರಿ ಕೆಲವು ನೂರು ಡಾಲರ್ ಬೇಕು. ಹೆಚ್ಚಾಗಿ ಹೋದವರು ಪೂರ್ವದಲ್ಲೋ ಯುರೋಪಿನಲ್ಲೋ ಮೊದಲೇ ಬೇಸಾಯ ಗೊತ್ತಿದ್ದವರು. ಜನರ ಹರಿವು ನಿಜವಾಗಿ ಇದ್ದದ್ದು ಉಲ್ಟಾ ದಿಕ್ಕಿನಲ್ಲಿ, ಹಳ್ಳಿಯಿಂದ ನಗರಕ್ಕೆ. 1870ರಲ್ಲಿ ದೇಶದ ನಾಲ್ಕನೇ ಒಂದು ಪಾಲು ಜನ ನಗರದಲ್ಲಿದ್ದರು, 1920ರ ಜನಗಣತಿಗೆ ಅದು ಅರ್ಧ ದಾಟಿತು.

ಶಿಕಾಗೊ ಒಂದನ್ನೇ ನೋಡಿ, ನಿಮ್ಮ ಮೂರೂ ಅಧ್ಯಾಯ ಅಲ್ಲಿ ಒಟ್ಟಿಗೆ ಸಿಗುತ್ತವೆ. 1840ರಲ್ಲಿ 5,000 ಜನವೂ ಇರದ ಊರು 1890ಕ್ಕೆ ಸುಮಾರು 11 ಲಕ್ಷದ ನಗರ. ಪಶ್ಚಿಮದ ಗೋಧಿ, ದನ, ಹಂದಿ, ಮರ ಎಲ್ಲ ಅಲ್ಲಿಗೆ ಬರುತ್ತಿದ್ದವು. 1865ರಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ತೆರೆಯಿತು, ಆಮೇಲೆ ಸ್ವಿಫ್ಟ್ ಕಂಪನಿ ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳಲ್ಲಿ ಮಾಂಸವನ್ನು ಪೂರ್ವಕ್ಕೆ ಕಳಿಸಿತು. ಮೆಕಾರ್ಮಿಕ್‌ನ ಕೊಯ್ಲು ಯಂತ್ರದ ಕಾರ್ಖಾನೆಯೂ ಅಲ್ಲೇ. ಆ ಕಾರ್ಖಾನೆಯ ಎದುರು 1886ರ ಮೇ 3ರಂದು ಮುಷ್ಕರ ನಿರತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಅದನ್ನು ಖಂಡಿಸಲು ಮರುದಿನ ಕರೆದ ಸಭೆಯಲ್ಲಿ ಬಾಂಬ್ ಬಿತ್ತು. ಹೇಮಾರ್ಕೆಟ್ ಅಂತ ಓದಿದ್ದೀರಲ್ಲ, ಅದು ಇದೇ. ಕನ್ಸಾಸ್‌ನ ರೈತ ಸಾಲ ಮಾಡಿ ಕೊಂಡ ಅದೇ ಯಂತ್ರವನ್ನು ಮಾಡುತ್ತಿದ್ದವರು ಎಂಟು ಗಂಟೆ ದುಡಿಮೆ ಕೇಳಿ ಬೀದಿಗೆ ಬಂದಿದ್ದರು.

1894ರಲ್ಲಿ ಪುಲ್‌ಮನ್ ಮುಷ್ಕರ. ರೈಲು ಡಬ್ಬಿ ಮಾಡುವ ಕಂಪನಿ, ಕೆಲಸಗಾರರ ಮನೆಗಳೂ ಕಂಪನಿಯದ್ದೇ. ಆರ್ಥಿಕ ಕುಸಿತ ಬಂದಾಗ ಕೂಲಿಯನ್ನು ಸುಮಾರು ಕಾಲುಭಾಗ ಇಳಿಸಿದರು, ಮನೆ ಬಾಡಿಗೆ ಇಳಿಸಲಿಲ್ಲ. ಯೂಜೀನ್ ಡೆಬ್ಸ್ ಅವರ ಅಮೆರಿಕನ್ ರೈಲ್ವೆ ಯೂನಿಯನ್ ಜೊತೆಗೆ ನಿಂತಿತು, ಪುಲ್‌ಮನ್ ಡಬ್ಬಿ ಸೇರಿಸಿದ ರೈಲು ಓಡಿಸುವುದಿಲ್ಲ ಎಂದಿತು. ಅಂಚೆ ನಿಂತುಹೋಯಿತು ಅಂತ ಕಾರಣ ಕೊಟ್ಟು ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸೈನ್ಯ ಕಳಿಸಿದರು, ಶಿಕಾಗೊ ಇರುವ ಇಲಿನಾಯ್ ರಾಜ್ಯದ ಗವರ್ನರ್ ಆಲ್ಟ್‌ಗೆಲ್ಡ್ ಬೇಡ ಬೇಡ ಅಂದರೂ ಕೇಳಲಿಲ್ಲ. ದೊಡ್ಡ ಕಂಪನಿಗಳ ಏಕಸ್ವಾಮ್ಯ ಮುರಿಯಲು 1890ರಲ್ಲಿ ಮಾಡಿದ ಶೆರ್ಮನ್ ಕಾಯ್ದೆಯನ್ನೇ ಈ ಯೂನಿಯನ್ ವಿರುದ್ಧ ಬಳಸಿದರು. ನನಗೆ ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ.

ಇನ್ನು ಕೈ ಜೋಡಿಸುವ ಮಾತು. ಪ್ರಯತ್ನ ನಡೆಯಿತು, ಪೀಪಲ್ಸ್ ಪಾರ್ಟಿಯ ಒಮಾಹಾ ಘೋಷಣೆಯಲ್ಲೇ ಕೂಲಿಗಳ ಪರ ಮಾತುಗಳಿವೆ. ಆದರೆ ರೈತನಿಗೆ ಗೋಧಿಯ ಬೆಲೆ ಏರಬೇಕು, ಕೂಲಿಗೆ ಬ್ರೆಡ್ ಅಗ್ಗವಾಗಿರಬೇಕು. ಹಣದುಬ್ಬರ ಆದರೆ ರೈತನ ಸಾಲ ಹಗುರ, ಕೂಲಿಯ ಸಂಬಳವೂ ಹಗುರ. ದಕ್ಷಿಣದಲ್ಲಿ ಕರಿಯ ರೈತರೂ ಬಿಳಿಯ ರೈತರೂ ಒಂದೇ ಸಾಲದ ಗುಂಡಿಯಲ್ಲಿದ್ದರು, ಆದರೂ ಸಂಘಗಳು ಬೇರೆ ಬೇರೆ. 1886ರಲ್ಲಿ ಟೆಕ್ಸಾಸ್‌ನಲ್ಲಿ ಕರಿಯ ರೈತರು ತಮ್ಮದೇ ಅಲೈಯನ್ಸ್ (ರೈತರ ಒಕ್ಕೂಟ) ಕಟ್ಟಿಕೊಂಡರು. ಮುಂದೆ ಅಲ್ಲಿನ ಆಳುವ ಪಕ್ಷದವರು ಬಣ್ಣದ ಭಯ ಹುಟ್ಟಿಸಿ ಇಬ್ಬರನ್ನೂ ಒಡೆದರು. ಚೀನೀ ಕೂಲಿಗಳ ವಿಷಯದಲ್ಲಂತೂ ಯೂನಿಯನ್‌ಗಳೇ ಬಾಗಿಲು ಹಾಕಿದವು. ಸೆಂಟ್ರಲ್ ಪೆಸಿಫಿಕ್ ಹಳಿ ಹಾಕಿದವರಲ್ಲಿ ಹೆಚ್ಚಿನವರು ಅವರೇ. 1867ರಲ್ಲಿ ಬಿಳಿಯರಷ್ಟೇ ಕೂಲಿ ಕೊಡಿ ಅಂತ ಮುಷ್ಕರ ಹೂಡಿದಾಗ ಕಂಪನಿ ಊಟ ಬರುವುದನ್ನೇ ನಿಲ್ಲಿಸಿ ಅವರನ್ನು ಮಣಿಸಿತು. 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬರುವುದನ್ನೇ ಕಾನೂನು ತಡೆಯಿತು, ಅದಕ್ಕೆ ಒತ್ತಾಯಿಸಿದವರಲ್ಲಿ ಕಾರ್ಮಿಕ ಸಂಘಗಳೂ ಇದ್ದವು.

ಸೌದೆಒಲೆ:

ಹೆಂಗಸರ ವಿಷಯ ಯಾರೂ ಎತ್ತಿಲ್ಲ, ಅದನ್ನು ನಾನು ಬರೆಯುತ್ತೇನೆ.

ಮತದ ಹಕ್ಕು ಮೊದಲು ಬಂದದ್ದು ಪಶ್ಚಿಮದಲ್ಲಿ. ವಯೋಮಿಂಗ್ ಪ್ರಾಂತ್ಯ 1869ರ ಡಿಸೆಂಬರ್‌ನಲ್ಲೇ ಕೊಟ್ಟಿತು, ಮರುವರ್ಷ ಯೂಟಾ. ವಯೋಮಿಂಗ್‌ನಲ್ಲಿ ಹೆಂಗಸರ ಸಂಖ್ಯೆ ತುಂಬ ಕಮ್ಮಿ ಇತ್ತು, ಈ ಸುದ್ದಿ ಹರಡಿದರೆ ಸಂಸಾರಗಳು ಬಂದು ನೆಲೆಸಬಹುದು ಅನ್ನುವ ಆಸೆಯೂ ಅದರ ಹಿಂದಿತ್ತು. ಉದ್ದೇಶ ಏನೇ ಇರಲಿ, ಹಕ್ಕು ಹಕ್ಕೇ. 1893ರಲ್ಲಿ ಕೊಲರಾಡೊದಲ್ಲಿ ಗಂಡಸರೇ ಮತ ಹಾಕಿ ಹೆಂಗಸರಿಗೆ ಮತದ ಹಕ್ಕು ಕೊಟ್ಟರು, ಪಾಪ್ಯುಲಿಸ್ಟರ, ಅಂದರೆ ಪೀಪಲ್ಸ್ ಪಾರ್ಟಿಯವರ, ಬೆಂಬಲ ಅಲ್ಲಿ ದೊಡ್ಡದು. ಗ್ರೇಂಜ್‌ನಲ್ಲಿ ಶುರುವಿನಿಂದಲೇ ಹೆಂಗಸರಿಗೂ ಮತ ಇತ್ತು, ಸಭೆಯಲ್ಲಿ ಎದ್ದು ಮಾತಾಡುವುದನ್ನು ಎಷ್ಟೋ ಜನ ಅಲ್ಲೇ ಕಲಿತರು. ಕನ್ಸಾಸ್‌ನ ಮೇರಿ ಎಲಿಜಬೆತ್ ಲೀಸ್ 1890ರ ಚುನಾವಣೆಯಲ್ಲಿ ಊರೂರು ಸುತ್ತಿ ಭಾಷಣ ಮಾಡಿದರು. ಆಗ ಅವರಿಗೇ ಆ ಚುನಾವಣೆಯಲ್ಲಿ ಮತ ಇರಲಿಲ್ಲ.

ನಗರದಲ್ಲಿ ಇನ್ನೊಂದು ದಾರಿ. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಶಿಕಾಗೊದ ವಲಸಿಗರ ಕೇರಿಯಲ್ಲಿ ಹಲ್ ಹೌಸ್ ತೆರೆದರು. ಬೆಳಗ್ಗೆ ಕಾರ್ಖಾನೆಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಂಡರು, ಸಂಜೆ ತರಗತಿ ನಡೆಸಿದರು. ಅಷ್ಟಕ್ಕೇ ನಿಲ್ಲಲಿಲ್ಲ ಅನ್ನುವುದು ಮುಖ್ಯ. ಅಲ್ಲಿದ್ದ ಫ್ಲಾರೆನ್ಸ್ ಕೆಲ್ಲಿ ಮನೆಮನೆ ತಿರುಗಿ ಬಟ್ಟೆ ಹೊಲಿಯುವ ಕೋಣೆಗಳ ಸ್ಥಿತಿ ದಾಖಲಿಸಿದರು. ಅದರಿಂದ 1893ರಲ್ಲಿ ಇಲಿನಾಯ್ ಕಾರ್ಖಾನೆ ಕಾಯ್ದೆ ಬಂತು, 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಗೆ ಸೇರಿಸುವಂತಿಲ್ಲ, ಹೆಂಗಸರಿಗೆ ಎಂಟು ಗಂಟೆ. ಮುಖ್ಯ ತನಿಖಾಧಿಕಾರಿಯಾಗಿ ಕೆಲ್ಲಿಯನ್ನು ನೇಮಿಸಿದ್ದು ಅದೇ ಗವರ್ನರ್ ಆಲ್ಟ್‌ಗೆಲ್ಡ್. ಎಂಟು ಗಂಟೆಯ ಭಾಗವನ್ನು 1895ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಅವರು ಬಿಡಲಿಲ್ಲ, ಮುಂದೆ ರಾಷ್ಟ್ರೀಯ ಗ್ರಾಹಕರ ಲೀಗ್ ಸೇರಿಕೊಂಡು ಇದೇ ಹೋರಾಟವನ್ನು ದೇಶದ ಮಟ್ಟಕ್ಕೆ ಒಯ್ದರು.

ಪಾಪ್ಯುಲಿಸ್ಟ್ ಪಕ್ಷ 1892ರಲ್ಲಿ 10 ಲಕ್ಷಕ್ಕೂ ಜಾಸ್ತಿ ಮತ ಪಡೆಯಿತು, 1896ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಬ್ರಯನ್‌ರನ್ನು ಬೆಂಬಲಿಸಿ ಡೆಮಾಕ್ರಟಿಕ್ ಪಕ್ಷದ ಜೊತೆ ನಿಂತು ಸೋತಿತು, ಆಮೇಲೆ ಕರಗಿತು. ಹೆಚ್ಚಿನವರು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ಬೇಡಿಕೆಗಳ ಪಟ್ಟಿ ಇಟ್ಟುಕೊಂಡು ಮುಂದೆ ಓದಿ. ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ಬೇಕು ಎಂದಿದ್ದರು, 1910ರಲ್ಲಿ ಕಾನೂನಾಯಿತು. ಆದಾಯ ತೆರಿಗೆಯನ್ನು 1895ರಲ್ಲಿ ಕೋರ್ಟ್ ರದ್ದು ಮಾಡಿತ್ತು, 1913ರಲ್ಲಿ 16ನೇ ತಿದ್ದುಪಡಿಯಾಗಿ ವಾಪಸ್ ಬಂತು. ಸೆನೆಟರುಗಳನ್ನು ಜನರೇ ನೇರವಾಗಿ ಆರಿಸಬೇಕು ಎಂದದ್ದು ಅದೇ ವರ್ಷ 17ನೇ ತಿದ್ದುಪಡಿ. ಬೆಳೆಯನ್ನು ಗೋದಾಮಿನಲ್ಲಿಟ್ಟು ಅದರ ಮೇಲೆ ಸಾಲ ಪಡೆಯುವ ಯೋಜನೆ ಸ್ವಲ್ಪ ಬೇರೆ ರೂಪದಲ್ಲಿ 1916ರಲ್ಲಿ ಬಂತು. ರೈಲ್ವೆಯನ್ನು ಸರ್ಕಾರ ವಹಿಸಿಕೊಳ್ಳಲಿ ಎಂಬುದು ಕಾಯಂ ಆಗಿ ಆಗಲಿಲ್ಲ. ಓದುಬಾಕ ಅವರೇ, 1892ರ ಒಮಾಹಾ ಘೋಷಣೆ ಉದ್ದವೇನಿಲ್ಲ, ಒಂದೇ ಕೂತಿಗೆ ಓದಿ ಮುಗಿಸಬಹುದು. ಓದಿದ ಮೇಲೆ ಬಂದು ಬರೆಯಿರಿ, ಬೆಳ್ಳಿ ನಾಣ್ಯದ ಭಾಗವನ್ನು ಇನ್ನಷ್ಟು ಬಿಡಿಸಿ ಮಾತಾಡೋಣ.